ಯಾರ ಒಕ್ಕಲು?

ತಮ್ಮ ಮನೆತನದ ಬೇರು ಹುಡುಕಲು ಹೊರಟವರಿಗೆ ಶಾಸನದಲ್ಲೋ ಹಳೆಯ ಕಡತದಲ್ಲೋ ಗೇಣಿಚೀಟಿಯಲ್ಲೋ ಎದುರಾಗದೆ ಬಿಡದ ಪದ 'ಒಕ್ಕಲು'. ಊರಿಗೆ ಮೊದಲು ಬಂದು ನೆಲೆ ನಿಂತವರು ಯಾರೆಂಬ ಪ್ರಶ್ನೆಗೆ ಉತ್ತರ ಈ ಮೂರಕ್ಷರದಲ್ಲೇ ಇದೆಯೆಂದು ಅವರು ಹಿಗ್ಗುವುದುಂಟು. ಹಿಗ್ಗಲಿ, ನಾವು ಮಾತ್ರ ಪದದ ಜೊತೆ ನಾಲ್ಕು ಹೆಜ್ಜೆ ನಡೆದು ನೋಡೋಣ.

ಇಂದು ಒಕ್ಕಲು ಎಂದೊಡನೆ ಮಣ್ಣು, ನೇಗಿಲು, ಕಣ ಕಣ್ಣೆದುರು ನಿಲ್ಲುತ್ತವೆ. ತೆನೆ ತುಳಿಸಿ ಕಾಳು ಬಿಡಿಸುವ 'ಒಕ್ಕು' ಎಂಬ ಧಾತುವೂ 'ಒಕ್ಕಣೆ'ಯೂ ಪಕ್ಕದಲ್ಲೇ ಇರುವುದರಿಂದ, ಒಕ್ಕುವವನೇ ಒಕ್ಕಲಿಗನೆಂಬ ವ್ಯುತ್ಪತ್ತಿ ಜನಪ್ರಿಯವಾಗಿದೆ. ಗಾದೆಗಳೂ ಆ ಪ್ರಾಸವನ್ನು ಬಿಟ್ಟುಕೊಡುವುದಿಲ್ಲ. ಆದರೆ ನೆರೆಯ ನುಡಿಗಳ ಸಾಕ್ಷ್ಯ ಬೇರೆ ದಿಕ್ಕು ತೋರಿಸುತ್ತದೆ. ತಮಿಳಿನ 'ಒಕ್ಕಲ್' ಎಂದರೆ ಬಂಧುಬಳಗ: ಸಂಗಂ ಕಾಲದ ಹಾಡುಗಳಲ್ಲಿ ಹಸಿದ ಪಾಣರು ತಮ್ಮ ಒಕ್ಕಲನ್ನು ಬೆನ್ನಿಗೆ ಕಟ್ಟಿಕೊಂಡು ದಾನಿಯ ಬಾಗಿಲಿಗೆ ಬರುತ್ತಾರೆ, ಅವರಿಗೆ ಅಂಗೈಯಗಲ ಹೊಲವೂ ಇಲ್ಲ. ತುಳುವಿನ 'ಒಕ್ಕೆಲ್' ಗೇಣಿಯವನನ್ನೂ ಬೇಸಾಯವನ್ನೂ ಹೇಳಿದರೆ, ಕೊಡವ ತಕ್ಕಿನ 'ಒಕ್ಕ' ಒಬ್ಬ ಮೂಲಪುರುಷನಿಂದ ಇಳಿದುಬಂದ ಇಡೀ ಮನೆತನವನ್ನೇ ಹೇಳುತ್ತದೆ. ಹಳಗನ್ನಡದ 'ಒಕ್ಕಲ್' ಈ ಸೋದರರ ನಡುವೆ ನಿಂತು ಕುಟುಂಬ, ವಾಸ, ಗೇಣಿ, ಬೇಸಾಯ ಎಂಬ ನಾಲ್ಕು ಅರ್ಥಗಳನ್ನೂ ಮಡಿಲಲ್ಲಿಟ್ಟುಕೊಂಡಿದೆ. ನನಗನ್ನಿಸುವಂತೆ ಮೊದಲು ಬಂದದ್ದು ನಂಟು, ಆಮೇಲೆ ನೆಲೆ, ಕಡೆಗೆ ನೆಲ. (ಒಕ್ಕೊರಲು, ಒಕ್ಕಣ್ಣಗಳನ್ನು ಈ ಬಳಗಕ್ಕೆ ಎಳೆಯುವ ಆಸೆ ಬೇಡ, ಅವುಗಳಲ್ಲಿರುವುದು 'ಒಂದು' ಎಂಬ ಅರ್ಥದ 'ಒರ್'.)

ಶಾಸನಗಳಲ್ಲಿ ಒಕ್ಕಲು ಎಣಿಕೆಗೆ ಸಿಗುತ್ತದೆ. ಗಾಣದ ಎಣ್ಣೆಯ ತೆಲ್ಲಿಗರು 'ಅಯ್ವತ್ತೊಕ್ಕಲು' ಎಂದು ಒಂದಾಗಿ ದೇವರಿಗೆ ದತ್ತಿ ಬಿಡುತ್ತಾರೆ. ಬೇರೆಡೆ 'ಅಱುವತ್ತೊಕ್ಕಲು' ಸಾಕ್ಷಿಯಾಗಿ ನಿಲ್ಲುತ್ತದೆ. ಗಾಣಿಗನೂ ಒಕ್ಕಲಾಗಬಲ್ಲನೆಂದ ಮೇಲೆ, ಕಲ್ಲಿನಲ್ಲಿ ಒಕ್ಕಲೆಂಬ ಅಕ್ಷರ ಕಂಡೊಡನೆ ಇಂದಿನ ಜಾತಿಯ ಹೆಸರನ್ನು ಅಲ್ಲಿ ಓದಿಬಿಡುವುದು ದುಡುಕು. ಸಂಖ್ಯೆಯೂ ಹಾಗೆಯೇ. ಅಯ್ವತ್ತು ಎಂಬುದು ತಲೆ ಎಣಿಸಿದ ಲೆಕ್ಕವೆನ್ನುವುದಕ್ಕಿಂತ ಸಂಘಕ್ಕೆ ಅಂಟಿದ ಹೆಸರು ಎನ್ನುವುದೇ ಸರಿ. ಆದರೂ ಮನುಷ್ಯರನ್ನು ಒಬ್ಬೊಬ್ಬರಾಗಿ ಎಣಿಸದೆ ಒಲೆಯ ಲೆಕ್ಕದಲ್ಲಿ ಎಣಿಸುವ ರೂಢಿ ಬಹುಕಾಲ ಉಳಿಯಿತು. 'ನಮ್ಮದು ನೂರೊಕ್ಕಲಿನ ಊರು' ಎಂದು ಹಿರಿಯರು ಹೇಳುತ್ತಿದ್ದದ್ದು ಅದೇ ಲೆಕ್ಕ.

ಪದದ ಹಳೆಯ ಉಸಿರು ಇನ್ನೂ ಬೆಚ್ಚಗಿರುವುದು ಕೊಡಗಿನಲ್ಲಿ. ಅಲ್ಲಿ ಒಕ್ಕಕ್ಕೊಂದು ಹೆಸರು, ಒಂದು ಐನ್‌ಮನೆ, ಹತ್ತಿರದಲ್ಲೇ ಕಾರಣವರ ಕೈಮಡ. ಮೂಲಪುರುಷನಿಗೆ 'ಗುರು ಕಾರೋಣ'ನೆಂಬ ಗೌರವ. ಜಮ್ಮ ಭೂಮಿ ಒಬ್ಬೊಬ್ಬರದಾಗಿರದೆ ಒಕ್ಕದ್ದಾಗಿತ್ತು. ಹೆಸರಿಗೆ ಮೊದಲು ಒಕ್ಕವನ್ನು ಹೇಳುವುದು ಅಲ್ಲಿನ ಕ್ರಮ: 1924ರಲ್ಲಿ ಕೊಡವರ ಹಾಡು, ಕಟ್ಟುಪಾಡುಗಳನ್ನು 'ಪಟ್ಟೋಲೆ ಪಳಮೆ'ಯಾಗಿ ಅಚ್ಚು ಮಾಡಿಸಿದ ನಡಿಕೇರಿಯಂಡ ಚಿಣ್ಣಪ್ಪ, ದಂಡನಾಯಕ ಕೊಡಂದೇರ ಕಾರ್ಯಪ್ಪ. ಈ 'ಅಂಡ', 'ಇರ'ಗಳು 'ಇಂಥವರ' ಎನ್ನುವ ಷಷ್ಠಿಯ ಗುರುತುಗಳಾದ್ದರಿಂದ, ಆ ಹೆಸರುಗಳೇ ಅರ್ಧ ವಂಶಾವಳಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಹಾಕಿ ಪಂದ್ಯಾವಳಿಯಲ್ಲಿ ಊರಿನ ಬದಲು ಒಕ್ಕಗಳೇ ತಂಡಗಳಾಗಿ ಇಳಿಯುತ್ತವೆ. ಮನೆತನಗಳ ಪಟ್ಟಿ ಮೈದಾನದಲ್ಲೂ ಸಿದ್ಧವಾಗುವುದೆಂದು ಯಾವ ನಿಘಂಟುಕಾರ ಊಹಿಸಿದ್ದ!

ಉತ್ತರ ಕರ್ನಾಟಕದಲ್ಲಿ ಇದೇ ಕೆಲಸವನ್ನು ಹೆಳವರು ಮಾಡಿಕೊಂಡು ಬಂದರು. ಎತ್ತಿನ ಮೇಲೆ ಕುಳಿತು ಊರೂರು ಸುತ್ತಿ, ಈ ಮನೆಯವರು ಮೂಲತಃ ಎಲ್ಲಿಯವರು, ಏಕೆ ಊರು ಬಿಟ್ಟರು, ಎಲ್ಲಿ ಕವಲಾದರು ಎಂದು ಹೇಳಿ ಕಾಳುಕಡ್ಡಿ ಪಡೆಯುವವರು ಅವರು. ತಾವು ವಂಶ ಹೇಳುವ ಮನೆಗಳು ಹೆಳವರಿಗೆ ಒಕ್ಕಲು. ಇಲ್ಲಿ ಪದ ಮೆಲ್ಲಗೆ ಮಗ್ಗುಲು ಬದಲಿಸುವುದನ್ನು ಗಮನಿಸಿ: ಒಕ್ಕಲು ಈಗ ಯಾರಿಗೋ ಸೇರಿದ್ದು. 'ನಾವು ತಿಮ್ಮಪ್ಪನ ಒಕ್ಕಲು' ಎಂದು ಹೇಳಿಕೊಳ್ಳುವ ಮನೆಯವರು ದೇವರ ಬಾಬ್ತು, ಕರಾವಳಿಯ ಧಣಿಯ ಒಕ್ಕಲು ಧಣಿಯ ಬಾಬ್ತು. ಆದ್ದರಿಂದ ಕಡತ ಓದುವವರು ಕೇಳಬೇಕಾದ್ದು ಒಕ್ಕಲು ಯಾರು ಎಂದಲ್ಲ, ಯಾರ ಒಕ್ಕಲು ಎಂದು. ಒಂದೇ ಮನೆಯವರು ದೇವಸ್ಥಾನದ ಲೆಕ್ಕದಲ್ಲಿ ಭಕ್ತರಾಗಿ, ಧಣಿಯ ಲೆಕ್ಕದಲ್ಲಿ ಗೇಣಿದಾರರಾಗಿ, ಹೆಳವನ ಬಾಯಲ್ಲಿ ಕುಲವಂತರಾಗಿ ಮೂರು ಸಲ ಒಕ್ಕಲಾಗಿರಬಹುದು; ಅವರನ್ನು ಮೂರು ಮನೆತನಗಳೆಂದು ಬಗೆದವರ ವಂಶವೃಕ್ಷಕ್ಕೆ ಇಲ್ಲದ ಕೊಂಬೆಗಳು ಮೂಡುತ್ತವೆ.

ಸೇರುವುದಿದ್ದ ಮೇಲೆ ಕಳಚುವುದೂ ಇದೆ. 'ಒಕ್ಕಲಾಗು' ಎಂದರೆ ನೆಲೆಗೊಳ್ಳು. 'ಒಕ್ಕಲೆಬ್ಬಿಸು' ಎಂದರೆ ಬೇರುಸಹಿತ ಎತ್ತಿ ಹಾಕು. ಈ ಎರಡನೆಯದು ಅಣೆಕಟ್ಟು, ರಸ್ತೆ ಅಗಲೀಕರಣಗಳ ಸುದ್ದಿಯಲ್ಲಿ ಇಂದಿಗೂ ಸವೆಯದ ಕ್ರಿಯಾಪದ, ಅಲ್ಲಿ ಒಕ್ಕಲೇಳುವವರು ಬೇಸಾಯಗಾರರೇ ಆಗಬೇಕೆಂದಿಲ್ಲ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿದಾರರು ಡಿಕ್ಲರೇಷನ್ ಕೊಟ್ಟು ಒಡೆಯರಾದ ಮೇಲೆ, ಧಣಿ-ಒಕ್ಕಲು ಎಂಬ ಜೋಡಿಪದದ ಕಾನೂನಿನ ಆಸರೆ ಕುಸಿಯಿತು. ಒಕ್ಕಲುತನ ಎಂಬುದು ಬೇಸಾಯವೆಂಬ ಅರ್ಥದಲ್ಲಷ್ಟೇ ಉಳಿಯಿತು.

ಮಂಗಳ ಕಾರ್ಯದಲ್ಲಿ ಮಾತ್ರ ಪದಕ್ಕೆ ಧಣಿಯ ಹಂಗಿಲ್ಲ. ತುಳುವರ 'ಇಲ್ಲೊಕ್ಕೆಲ್', ಕನ್ನಡದ 'ಮನೆ ಒಕ್ಕಲು' ಎರಡೂ ಹೊಸಮನೆಗೆ ಸಂಸಾರ ಸಮೇತ ಕಾಲಿಡುವ ಶಾಸ್ತ್ರ. ಅಚ್ಚಿನ ಆಮಂತ್ರಣದಲ್ಲಿ ಗೃಹಪ್ರವೇಶವೆಂದಿದ್ದರೂ ಅಜ್ಜಿಯಂದಿರು ಕರೆಯುವುದು 'ಮನೆ ಒಕ್ಕಲಿಗೆ ಬನ್ನಿ' ಎಂದೇ.