ಬಾಗಿಲಲ್ಲಿ ನಿಂತ ಪ್ರಶ್ನೆ

ಪಲ್ಸ್ ಪೋಲಿಯೊ ತಂಡದವರು ಮನೆಯ ಗೋಡೆಗೆ ಸೀಮೆಸುಣ್ಣದಿಂದ ಗುರುತು ಹಾಕಿ ಹೋಗುತ್ತಿದ್ದುದು ಓದುಗರಿಗೆ ನೆನಪಿರಬಹುದು. ಮನೆಯ ಮಕ್ಕಳೆಲ್ಲ ಹನಿ ಕುಡಿದಿದ್ದರೆ ‘ಪಿ’, ಯಾವುದಾದರೂ ಮಗು ತಪ್ಪಿಹೋಗಿದ್ದರೆ ‘ಎಕ್ಸ್’. 2000ದ ದಶಕದ ಆರಂಭದಲ್ಲಿ ಪಶ್ಚಿಮ ಉತ್ತರ ಪ್ರದೇಶದಲ್ಲಿ, ಮೊರಾದಾಬಾದಿನ ಹಿತ್ತಾಳೆ ಕೆಲಸಗಾರರ ಓಣಿಗಳಂಥ ಕಡೆ, ‘ಎಕ್ಸ್’ ಮನೆಗಳು ಬಹಳ ಇದ್ದವು. ಮುಸ್ಲಿಮರಿಗೆ ವಿದ್ಯೆಯಿಲ್ಲ, ಅವರು ಮೌಲ್ವಿಗಳ ಮಾತು ಕೇಳುವವರು ಎಂಬ ಸುಲಭದ ವಿವರಣೆ ಎಲ್ಲೆಡೆ ಓಡಾಡಿತು. ಬಾಗಿಲ ಹಿಂದೆ ನಿಂತ ತಾಯಿ ಏನು ಕೇಳಿದಳೆಂದು ಕೇಳಿಸಿಕೊಂಡವರು ಕಡಿಮೆ.

2002ರಲ್ಲಿ ದೇಶದಲ್ಲಿ 1,600 ಪೋಲಿಯೊ ಪ್ರಕರಣಗಳು ದಾಖಲಾದವು. ಅವುಗಳಲ್ಲಿ ಮುಕ್ಕಾಲು ಪಾಲು ಉತ್ತರ ಪ್ರದೇಶದವು. ಮುಸ್ಲಿಮ್ ಮಕ್ಕಳ ಪಾಲು ಜನಸಂಖ್ಯೆಯಲ್ಲಿ ಅವರಿಗಿದ್ದ ಪಾಲಿಗಿಂತ ಬಹಳ ಹೆಚ್ಚಿತ್ತು. ಮರುವರ್ಷ ವೈರಸ್ ಕರ್ನಾಟಕಕ್ಕೂ ಬಂತು.

ಆ ತಾಯಂದಿರ ಮೊದಲ ಭಯ, ಈ ಹನಿ ಕುಡಿದ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲ ಎಂಬುದು. ಇದು ಸುಳ್ಳು. ಆದರೆ ಹುಟ್ಟಿದ್ದು ಗಾಳಿಯಲ್ಲಲ್ಲ. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷ ದೇಶದಲ್ಲಿ ಸುಮಾರು 80 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಶಾಲಾ ಮೇಷ್ಟ್ರುಗಳಿಗೂ ಇಂತಿಷ್ಟು ಜನರನ್ನು ಕರೆತರಬೇಕೆಂಬ ಗುರಿ ಕೊಟ್ಟಿದ್ದರು. 1976ರ ಅಕ್ಟೋಬರಿನಲ್ಲಿ ಮುಜಫ್ಫರ್‌ನಗರದಲ್ಲಿ ಇದನ್ನು ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ‘ನಸ್‌ಬಂದಿ’ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮ ನಾನಿಯ ಬಾಯಿಂದ, ಅದೂ ಬೈಗುಳದ ಹಾಗೆ. ದೂರದ ಕರ್ನಾಟಕದಲ್ಲೇ ಹೀಗಿದ್ದರೆ ಮುಜಫ್ಫರ್‌ನಗರದ ಅಜ್ಜಿಯರು ಸೊಸೆಯಂದಿರಿಗೆ ಏನು ಹೇಳಿರಬಹುದು!

ಎರಡನೆಯ ಪ್ರಶ್ನೆ ಇನ್ನೂ ನೇರವಾದದ್ದು. ‘ಮಗುವಿಗೆ ಭೇದಿಯಾದಾಗ ನಿಮ್ಮಲ್ಲಿ ಒಬ್ಬರೂ ಬರಲಿಲ್ಲ. ಚರಂಡಿ ಕಟ್ಟಿಸಿ ಎಂದರೆ ಕೇಳುವವರಿಲ್ಲ. ಈ ಎರಡು ಹನಿಗೆ ಮಾತ್ರ ತಿಂಗಳು ತಿಂಗಳೂ ಯಾಕೆ ಬರುತ್ತೀರಿ?’

ಬಾಗಿಲಿಗೆ ಬಂದವರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಅವರಿಗೆ ಸಿಕ್ಕ ಅಲ್ಪಸ್ವಲ್ಪ ತರಬೇತಿ ಕೈಕೆಲಸದ್ದು: ಐಸ್ ಪೆಟ್ಟಿಗೆ ತಣ್ಣಗಿರಬೇಕು, ಸೀಸೆಯ ಮೇಲಿನ ಚೌಕದ ಬಣ್ಣ ನೋಡಬೇಕು, ಕಿರುಬೆರಳಿಗೆ ಶಾಯಿ ಹಚ್ಚಬೇಕು, ಲೆಕ್ಕದ ಹಾಳೆ ತುಂಬಬೇಕು. ಎಲ್ಲವೂ ಬೇಕಾದದ್ದೇ. ಆದರೆ ‘ಮಗುವಿಗೆ ಜ್ವರ ಇದೆ, ಕೊಡಬಹುದೇ?’, ‘ಆರು ಸಲ ಕುಡಿದ ಪಕ್ಕದ ಮನೆಯ ಹುಡುಗನಿಗೂ ಕಾಲು ಹೋಯಿತಲ್ಲ?’ ಎಂದರೆ ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಉತ್ತರ ಗೊತ್ತಿಲ್ಲದವನು ಗದರಿಸುತ್ತಾನೆ. ಕೆಲವೆಡೆ ಪೊಲೀಸರ ಹೆಸರೂ ಬಂತು, ನಸ್‌ಬಂದಿಯ ದಿನಗಳ ಹಾಗೆಯೇ.

ಬದಲಾವಣೆ ನಿಧಾನವಾಗಿ ಬಂತು. ಯುನಿಸೆಫ್ ಮತ್ತು ಜೊತೆಗಿದ್ದ ಸಂಸ್ಥೆಗಳು ಆಯಾ ಮೊಹಲ್ಲಾದವರನ್ನೇ ಸಾವಿರಾರು ಸಂಖ್ಯೆಯಲ್ಲಿ ಆರಿಸಿದವು. ಹೆಚ್ಚಿನವರು ಹೆಂಗಸರು. ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ, ಜಾಮಿಯಾ ಹಮ್‌ದರ್ದ್ ಕೈಜೋಡಿಸಿದವು. ಮಸೀದಿಗಳಿಂದ ಘೋಷಣೆಯಾಯಿತು. ಇಮಾಮರ ಪಾತ್ರವನ್ನು ಎಲ್ಲರೂ ಬರೆದಿದ್ದಾರೆ. ನನಗೆ ಮುಖ್ಯವೆನಿಸುವುದು ಈ ಹೆಂಗಸರ ತರಬೇತಿ. ಒಬ್ಬಳು ತಾಯಿಯಾಗಿ, ಇನ್ನೊಬ್ಬಳು ಕಾರ್ಯಕರ್ತೆಯಾಗಿ ಅಭಿನಯಿಸಿ ಕಲಿತರು. ಮೊದಲು ಕೂತು ಮಾತು ಕೇಳುವುದು, ಅತ್ತೆಯನ್ನು ಬಿಟ್ಟು ಸೊಸೆಯ ಜೊತೆ ಮಾತ್ರ ಮಾತಾಡದಿರುವುದು, ಗೊತ್ತಿಲ್ಲದ್ದನ್ನು ಡಾಕ್ಟರರ ಬಳಿ ಕೇಳಿ ಬಂದು ಹೇಳುವುದು.

ಆ ತಾಯಿಯ ಚರಂಡಿಯ ಪ್ರಶ್ನೆಗೆ ವಿಜ್ಞಾನವೂ ತಲೆದೂಗಬೇಕಾಯಿತು. ಬಾಯಿಯಿಂದ ಕೊಡುವ ಹನಿ ನಮ್ಮ ಮಕ್ಕಳಲ್ಲಿ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲವೆಂದು ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ಹೇಳಿದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪ್ರತಿ ಸಲದ ಹನಿಯ ಫಲ ಉತ್ತರ ಪ್ರದೇಶದಲ್ಲಿ ದೇಶದ ಉಳಿದೆಡೆಗಿಂತ ಬಹಳ ಕಡಿಮೆಯೆಂದು ತೋರಿಸಿತು. ಕಿಕ್ಕಿರಿದ ಜನವಸತಿ, ಕೊಳಕು ನೀರು, ಭೇದಿ ಇದರ ಹಿಂದಿದ್ದವು. ಪಕ್ಕದ ಮನೆಯ ಹುಡುಗನ ಕಾಲು ಹೋದದ್ದು ಹೀಗೆ. ಹನಿಯನ್ನು ಮತ್ತೆ ಮತ್ತೆ ಕೊಡಬೇಕಾದ ಕಾರಣವೂ ಇದೇ. 2009ರಲ್ಲಿ ಉತ್ತರ ಪ್ರದೇಶದ 66, ಬಿಹಾರದ 41 ಬ್ಲಾಕುಗಳನ್ನು ಆರಿಸಿ ಹನಿಯ ಜೊತೆ ಕೈತೊಳೆಯುವುದು, ಎದೆಹಾಲು, ಭೇದಿಗೆ ಓಆರ್‌ಎಸ್ ಮತ್ತು ಜಿಂಕ್ ಕುರಿತ ಕೆಲಸ ಕೈಗೊಂಡರು. ಸುಧಾರಿತ ಲಸಿಕೆಯೂ 2010ರಲ್ಲಿ ಬಂತು. 2009ರಲ್ಲಿ 741 ಇದ್ದ ಪ್ರಕರಣಗಳು 2010ರಲ್ಲಿ 42ಕ್ಕೆ ಇಳಿದವು. 2011ರ ಜನವರಿ 13ರಂದು ಹೌರಾ ಜಿಲ್ಲೆಯ ಮಗುವೊಂದಕ್ಕೆ ಬಂದದ್ದೇ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು.

ಬಾಗಿಲಲ್ಲಿ ಅಷ್ಟಾಗಿ ಹೇಳದ ಸಂಗತಿಯೊಂದಿದೆ. ಹನಿಯಲ್ಲಿರುವುದು ಬಲ ಕುಂದಿಸಿದ ಜೀವಂತ ವೈರಸ್. ಲಕ್ಷಾಂತರ ಮಕ್ಕಳಲ್ಲಿ ಒಬ್ಬರಿಗೆ ಅದರಿಂದಲೇ ಲಕ್ವ ಹೊಡೆಯುವುದುಂಟು. 2015ರ ಕೊನೆಗೆ ಚುಚ್ಚುಮದ್ದಿನ ಲಸಿಕೆ ಸೇರಿಸಿದ್ದರಲ್ಲಿ ಈ ಕಾರಣವೂ ಇತ್ತು. ಇದನ್ನು ಮೊದಲೇ ಹೇಳಿದ್ದರೆ ಜನ ಓಡಿಹೋಗುತ್ತಿದ್ದರೇ? ನನಗೆ ಹಾಗನ್ನಿಸುವುದಿಲ್ಲ.

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಕರ್ನಾಟಕದ ಶಾಲೆಗಳಿಗೆ ಬಂದಾಗ ವಾಟ್ಸಾಪಿನಲ್ಲಿ ಅದೇ ಹಳೆಯ ಸುಳ್ಳು ಹರಿದಾಡಿತು. ನಮ್ಮ ಕಡೆಯ ಶಾಲೆಯೊಂದರಲ್ಲಿ ಒಬ್ಬ ತಂದೆ, ‘ಒಂಬತ್ತು ತಿಂಗಳಿಗೇ ಹಾಕಿಸಿದ್ದೇವೆ, ಮತ್ತೆ ಯಾಕೆ ಸಿಸ್ಟರ್?’ ಎಂದು ಕೇಳಿದರು. ಸಿಸ್ಟರ್ ಸಿರಿಂಜು ಕೆಳಗಿಟ್ಟರು. ಒಂದು ಸಲ ಹಾಕಿದರೆ ಕೆಲವು ಮಕ್ಕಳಿಗೆ ದಡಾರ ಲಸಿಕೆ ಹಿಡಿಯುವುದಿಲ್ಲ, ರುಬೆಲ್ಲಾದ್ದು ಆಗ ಕೊಟ್ಟೇ ಇರಲಿಲ್ಲ, ಕೈ ಸ್ವಲ್ಪ ನೋಯುತ್ತದೆ, ಜ್ವರ ಬರಬಹುದು ಎಂದೆಲ್ಲ ಹೇಳಿದರು. ಆಮೇಲೆ ಅಂದರು: ‘ಹಾಕಿದ ಮೇಲೆ ಅರ್ಧ ಗಂಟೆ ಮಕ್ಕಳನ್ನು ಇಲ್ಲೇ ಕೂರಿಸಿ ನೋಡ್ತೀವಿ. ನೀವೂ ಕೂತ್ಕೊಳ್ಳಿ ಭಾಯ್.’ ಅವರು ಮಗಳ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತರು.