ನೋಡುವವರ ಕಣ್ಣೀರು

ಚಲನಚಿತ್ರವೊಂದನ್ನು ನೋಡಿ ಅತ್ತೆವೆಂದು ಹೇಳಿಕೊಳ್ಳಲು ಓದುಬರಹ ಬಲ್ಲವರಿಗೆ ಸ್ವಲ್ಪ ಸಂಕೋಚ. ಕಣ್ಣೀರು ಬರಿಸುವ ಚಿತ್ರವೆಂದರೆ ಅಗ್ಗದ ಸರಕು, ಅದು ಹಳ್ಳಿಯ ಹೆಣ್ಣುಮಕ್ಕಳಿಗಾಗಿ ಹೊಸೆದದ್ದು ಎಂಬ ಭಾವನೆ ನಮ್ಮ ಪಟ್ಟಣಗಳಲ್ಲಿ ಬೇರೂರಿದೆ. ಆದರೆ ಪರದೆಯ ಮುಂದೆ ಕುಳಿತು ಪರರ ದುಃಖಕ್ಕೆ ಅಳುವ ಈ ಪದ್ಧತಿ ಚಲನಚಿತ್ರ ಹುಟ್ಟಿಸಿದ್ದಲ್ಲ. ಅದರ ವಂಶಾವಳಿ ಬಹಳ ದೀರ್ಘವಾದುದು. ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಗೂ ಆ ವಂಶಾವಳಿಯಲ್ಲಿ ಒಂದು ಸ್ಥಾನವುಂಟು. ಆ ನಂಟನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಭಾಷಣದ ಉದ್ದೇಶ.

ನಮ್ಮ ಆಲಂಕಾರಿಕರು ಕಣ್ಣೀರನ್ನು ಹಗುರವಾಗಿ ಎಣಿಸಲಿಲ್ಲ. ಎಂಟು ಸಾತ್ತ್ವಿಕ ಭಾವಗಳಲ್ಲಿ ಅಶ್ರುವೂ ಒಂದು. ಭವಭೂತಿಯಂತೂ ತನ್ನ ನಾಟಕದಲ್ಲಿ ಉಳಿದ ರಸಗಳನ್ನೆಲ್ಲ ಕರುಣದ ರೂಪಾಂತರಗಳೆಂದೇ ಕಾಣಿಸಿದ. ಆದಿಕಾವ್ಯ ಹುಟ್ಟಿದ ಕಥೆಯನ್ನು ನೆನೆಯಿರಿ. ಬೇಡನೊಬ್ಬನ ಬಾಣ ಕ್ರೌಂಚಪಕ್ಷಿಯನ್ನು ಕೆಡಹಿತು. ಅದನ್ನು ಕಂಡವನ ಶೋಕವೇ ಶ್ಲೋಕವಾಯಿತು. ಕಂಡವನಾದ ವಾಲ್ಮೀಕಿಯೂ ಮೊದಲು ಬೇಡನೇ ಆಗಿದ್ದನೆಂದು ಜನಪದ ನಂಬುತ್ತದೆ. ಕೊಂದವನೂ ಬೇಡ, ಮರುಗಿದವನೂ ಬೇಡ. ವಾಲ್ಮೀಕಿಯನ್ನು ಕುಲಗುರುವೆಂದು ಪೂಜಿಸುವ ನಾಯಕ ಜನ ಆಳಿದ ಸುರಪುರಕ್ಕೆ ಈ ಕಥೆ ಪರಕೀಯವಲ್ಲ.

ಕನ್ನಡ ಚಲನಚಿತ್ರದ ಕಣ್ಣೀರಿನ ಪರಂಪರೆಯೂ ಬೇಡನೊಬ್ಬನಿಂದ ಬಲಗೊಂಡಿತೆಂಬುದು ಗಮನಾರ್ಹ. 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಗುಬ್ಬಿ ಕಂಪನಿಯ ರಂಗಭೂಮಿಯಿಂದ ನೇರವಾಗಿ ಪರದೆಗೆ ಇಳಿದುಬಂದ ಕೃತಿ. ನಿರ್ದೇಶಕರು ಎಚ್. ಎಲ್. ಎನ್. ಸಿಂಹ. ಮುತ್ತುರಾಜನೆಂಬ ನಾಟಕದ ನಟ ರಾಜಕುಮಾರನೆಂಬ ಹೆಸರಿನಿಂದ ನಾಯಕನಾದದ್ದು ಇದರಲ್ಲಿಯೇ. ಕಥೆ ಹೊಸದಲ್ಲ; ಹರಿಹರನ ರಗಳೆಯ ಕಾಲಕ್ಕಾಗಲೇ ಕಣ್ಣಪ್ಪ ಕನ್ನಡಿಗರಿಗೆ ಪರಿಚಿತನಾಗಿದ್ದ. ಶಿವಲಿಂಗದ ಕಣ್ಣಿನಲ್ಲಿ ರಕ್ತ ಸುರಿಯುತ್ತದೆ. ಬೇಡ ತನ್ನದೊಂದು ಕಣ್ಣನ್ನು ಕಿತ್ತು ಅಲ್ಲಿಡುತ್ತಾನೆ. ಇನ್ನೊಂದು ಕಣ್ಣೂ ಒಸರತೊಡಗುತ್ತದೆ. ತನ್ನ ಎರಡನೆಯ ಕಣ್ಣನ್ನೂ ಕಿತ್ತರೆ ಇಡಬೇಕಾದ ಜಾಗ ಕಾಣದು. ಆದ್ದರಿಂದ ಗುರುತಿಗೆಂದು ತನ್ನ ಕಾಲನ್ನು ಲಿಂಗದ ಮೇಲೆ ಊರುತ್ತಾನೆ. ಈ ಐತಿಹ್ಯದಲ್ಲಿ ಮನಸ್ಸನ್ನು ಕರಗಿಸುವುದು ಯಾವುದು? ರಕ್ತವಲ್ಲ, ನೋವಲ್ಲ, ಆ ಕಾಲು. ಶಾಸ್ತ್ರ ಬಲ್ಲವನಿಗೆ ಮಹಾಪರಾಧವಾದದ್ದು ಅವನಿಗೆ ಕೇವಲ ಒಂದು ಗುರುತು. ಅವನು ಅಳುವುದಿಲ್ಲ, ಕೆಲಸದಲ್ಲಿ ತೊಡಗಿದ್ದಾನೆ. ಅಳುವವರು ನಾವು.

‘ಸತ್ಯ ಹರಿಶ್ಚಂದ್ರ’ದ ಶ್ಮಶಾನದ ದೃಶ್ಯವನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ರಾಘವಾಂಕನ ಕಾವ್ಯ, ಕಂಪನಿ ನಾಟಕಗಳು, ಕೊನೆಗೆ 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ಚಿತ್ರ, ಹೀಗೆ ಆ ದೃಶ್ಯ ನೂರಾರು ವರ್ಷ ಕನ್ನಡಿಗರ ಕಣ್ಣನ್ನು ತೇವಗೊಳಿಸಿದೆ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ತಾಯಿ ಬಂದಿದ್ದಾಳೆ. ಅವಳ ಗೋಳಾಟ ನಮ್ಮನ್ನು ಕಲಕುವುದು ನಿಜ. ಆದರೆ ಗಂಟಲು ಬಿಗಿಯುವುದು ಹರಿಶ್ಚಂದ್ರ ಸುಡುಗಾಡಿನ ಸುಂಕ ಕೇಳಿದಾಗ. ಅವನು ಅತ್ತುಬಿಟ್ಟಿದ್ದರೆ ನಮ್ಮ ದುಃಖವೂ ಅಲ್ಲಿಗೆ ಹಗುರವಾಗುತ್ತಿತ್ತು. ಪಾತ್ರ ತಡೆಹಿಡಿದ ಕಣ್ಣೀರು ಪ್ರೇಕ್ಷಕನ ಪಾಲಿಗೆ ಬರುತ್ತದೆ. ಬಾಳುವ ದೃಶ್ಯಗಳಿಗೂ ಬರಿಯ ಅಳುಬುರುಕ ದೃಶ್ಯಗಳಿಗೂ ಇರುವ ಅಂತರ ಇದೇ ಎಂದು ನನ್ನ ಭಾವನೆ.

ಈಗ ಸುರಪುರಕ್ಕೆ ಬರೋಣ. 1705ರಲ್ಲಿ ವಾಗಿನಗೇರಿಯಲ್ಲಿ ಔರಂಗಜೇಬನು ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆಯನ್ನು ಎದುರಿಸಿದ ನಾಯಕರ ಮನೆತನ ಇಲ್ಲಿಯದು. ಆ ವಂಶದ ಕೊನೆಯ ಅರಸು ರಾಜಾ ವೆಂಕಟಪ್ಪ ನಾಯಕ. ತಂದೆ ತೀರಿಕೊಂಡಾಗ ಆತ ಇನ್ನೂ ಬಾಲಕ. ರಾಣಿ ಈಶ್ವರಮ್ಮನ ಕಾಲದ ಒಳಜಗಳಗಳ ನಡುವೆ, 1840ರ ದಶಕದ ಆರಂಭದಲ್ಲಿ, ಫಿಲಿಪ್ ಮೆಡೋಸ್ ಟೇಲರ್ ಎಂಬ ಅಧಿಕಾರಿ ಸಂಸ್ಥಾನದ ಮೇಲ್ವಿಚಾರಣೆಗೆ ಬಂದ. 1853ರಲ್ಲಿ ಅರಸು ಪ್ರಾಪ್ತವಯಸ್ಕನಾಗುವವರೆಗೆ ಆಡಳಿತ ಟೇಲರನ ಕೈಯಲ್ಲಿತ್ತು. ಆತ ಕಟ್ಟಿಸಿದ ಮನೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿದೆ. ಬಾಲಕ ಅರಸು ಟೇಲರನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ.

1858ರ ಫೆಬ್ರುವರಿಯಲ್ಲಿ ಸುರಪುರದ ಮುಂದೆ ಕಾಳಗ ನಡೆಯಿತು. ಕ್ಯಾಪ್ಟನ್ ನ್ಯೂಬೆರಿ ಎಂಬ ಬ್ರಿಟಿಷ್ ಅಧಿಕಾರಿ ಅಲ್ಲಿ ಮಡಿದ. ಇನ್ನಷ್ಟು ಸೈನ್ಯ ಬರುತ್ತಿದೆಯೆಂದು ತಿಳಿದಾಗ ಅರಸು ಕೆಲವೇ ಕುದುರೆಯವರೊಡನೆ ರಾತ್ರಿ ಕೋಟೆ ಬಿಟ್ಟು ಹೈದರಾಬಾದಿಗೆ ಹೋದ. ಅಲ್ಲಿ ಸೆರೆಸಿಕ್ಕು, ಸಾಲಾರ್ ಜಂಗನ ಮೂಲಕ ರೆಸಿಡೆಂಟನ ವಶವಾದ. ಆ ಸೆರೆಮನೆಯಲ್ಲಿ ಟೇಲರ್ ಅವನನ್ನು ಕಂಡ. ಆ ಭೇಟಿಯ ವಿವರ, ಟೇಲರ್ ತೀರಿಕೊಂಡ ಮರುವರ್ಷ, 1877ರಲ್ಲಿ, ಅವನ ಮಗಳು ಪ್ರಕಟಿಸಿದ ಆತ್ಮಕಥೆಯಲ್ಲಿದೆ.

ಆ ಪುಟಗಳನ್ನು ಓದಿ ಕಣ್ಣು ಒದ್ದೆಯಾಗದವರು ವಿರಳ. ತರುಣ ಅರಸು ಹಳೆಯ ಪೋಷಕನನ್ನು ಕಂಡೊಡನೆ ತಬ್ಬಿಕೊಳ್ಳುತ್ತಾನೆ. ತನ್ನನ್ನು ಪ್ರೇರಿಸಿದವರ ಹೆಸರನ್ನು ಹೇಳಿದರೆ ಒಳಿತಾದೀತೆಂಬ ಸೂಚನೆ ಬಂದಾಗ ಒಪ್ಪುವುದಿಲ್ಲ. ಇತರರನ್ನು ಹಿಡಿದುಕೊಟ್ಟು ಪ್ರಾಣ ಬೇಡುವುದು ತನ್ನಿಂದಾಗದು ಎನ್ನುತ್ತಾನೆ. ಸಾಯಬೇಕಾದರೆ ಕಳ್ಳನಂತೆ ನೇಣುಗಂಬಕ್ಕೆ ಏರಿಸಬಾರದು, ತೋಪಿನ ಬಾಯಿಗೆ ಕಟ್ಟಲಿ, ತಾನು ಹೆದರುವುದಿಲ್ಲ ಎಂಬುದೊಂದೇ ಅವನ ಕೋರಿಕೆ. ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯದ ಹುಡುಗ ಆಡಿದ ಮಾತು ಇದು. ಕಣ್ಣಪ್ಪನ ಕಾಲು, ಹರಿಶ್ಚಂದ್ರನ ಸುಂಕ, ವೆಂಕಟಪ್ಪ ನಾಯಕನ ಈ ಕೋರಿಕೆ ಮೂರೂ ಒಂದೇ ಜಾತಿಯವು. ದುಃಖದ ನಡುವೆ ನಿಂತವನು ದುಃಖವನ್ನು ಕುರಿತು ಮಾತನಾಡುವುದಿಲ್ಲ.

ಮರಣದಂಡನೆ ಜೀವಾವಧಿ ಗಡೀಪಾರಾಗಿ, ಗವರ್ನರ್ ಜನರಲನಿಂದ ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿಯಿತು. ಸೆರೆ ಚೆಂಗಲ್ಪಟ್ಟಿನ ಕೋಟೆಯಲ್ಲಿ. ಅನಂತರ ಸಂಸ್ಥಾನ ಮರಳಿ ದೊರೆಯುವ ಆಸೆಯೂ ಇತ್ತು. ಆದರೆ 1858ರ ಮೇ ತಿಂಗಳಲ್ಲಿ, ಹೈದರಾಬಾದು ಬಿಟ್ಟು ಹೊರಟ ಅರಸು ದಾರಿಯ ಬಿಡಾರದಲ್ಲಿಯೇ ಗುಂಡೇಟಿನಿಂದ ಸತ್ತ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮೃತ್ಯು ಎಂದು ಜಾತಕ ಮೊದಲೇ ಹೇಳಿತ್ತೆಂದು ಟೇಲರ್ ತನ್ನ ಕಥೆಗೆ ಮುಕ್ತಾಯ ಹಾಡುತ್ತಾನೆ. ನಾಟಕಕಾರನಾದವನು ಇದಕ್ಕಿಂತ ಹದವಾದ ಅಂಕದ ಪರದೆಯನ್ನು ಎಳೆಯಲಾರ.

ಇಲ್ಲಿಯೇ ಓದುಗ ಎಚ್ಚರಗೊಳ್ಳಬೇಕು. ಟೇಲರ್ ಸಾಮಾನ್ಯ ಸಾಕ್ಷಿಯಲ್ಲ. 1839ರಲ್ಲಿಯೇ ಠಕ್ಕರ ಕುರಿತ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಲೇಖಕ. ಯಾವ ದೃಶ್ಯವನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲವನು. ಅವನ ಮಮತೆ ಹುಸಿಯೆಂದು ನಾನು ಹೇಳಲಾರೆ. ಆದರೆ ಆ ಮಮತೆಯ ಬೆಳಕಿನಲ್ಲಿ ಒಂದು ರಾಜಕೀಯ ಘಟನೆ ತಂದೆಮಗನ ಕಥೆಯಾಗಿಬಿಡುತ್ತದೆ. ಸಂಸ್ಥಾನದ ಸ್ವಾತಂತ್ರ್ಯದ ಪ್ರಶ್ನೆ ಹಿನ್ನೆಲೆಗೆ ಸರಿದು, ದಾರಿ ತಪ್ಪಿದ ಮಗ, ಮರುಗುವ ತಂದೆ ಇವರಿಬ್ಬರೇ ರಂಗದ ಮೇಲೆ ಉಳಿಯುತ್ತಾರೆ. ಸಾವಿನ ಹೊಣೆಯನ್ನು ಜಾತಕ ಹೊರುತ್ತದೆ. ಕಾವಲಿನ ಅಧಿಕಾರಿ ಕಳಚಿಟ್ಟಿದ್ದ ಪಿಸ್ತೂಲಿನಿಂದ ಅರಸು ತಾನೇ ಸತ್ತನೆಂಬುದು ಸರ್ಕಾರದ ಹೇಳಿಕೆ. ಟೇಲರ್ ಆಗ ಅಲ್ಲಿರಲಿಲ್ಲ, ಕೇಳಿದ್ದನ್ನು ಬರೆದ. ಅರಸನನ್ನು ಕೊಂದರೆಂಬ ನಂಬಿಕೆ ಸುರಪುರದ ಸೀಮೆಯಲ್ಲಿ ಉಳಿದುಕೊಂಡು ಬಂದಿದೆ. ಇತ್ತ ಟೇಲರ್ ಅದೇ 1858ರಲ್ಲಿ ಕಮಿಷನರನಾಗಿ ಸುರಪುರಕ್ಕೆ ಮರಳಿ ಬಂದ. 1860ರಲ್ಲಿ, ದಂಗೆಯ ಕಾಲದ ನಿಷ್ಠೆಗೆ ಬಹುಮಾನವಾಗಿ, ಸೀಮೆ ನಿಜಾಮನಿಗೆ ಸಂದಿತು. ‘ಅಪ್ಪಾ’ ಎಂದು ಕರೆದವನು ಹೋದ. ಕರೆಸಿಕೊಂಡವನು ಅವನ ನಾಡನ್ನು ಆಳಿ, ಇಂಗ್ಲೆಂಡಿಗೆ ಹಡಗು ಹತ್ತಿದ. ಈ ಕೊನೆಯ ಭಾಗ ಯಾರನ್ನೂ ಅಳಿಸುವುದಿಲ್ಲ. ಚರಿತ್ರೆಯ ತಿರುಳು ಇರುವುದು ಅದರಲ್ಲಿಯೇ.

ಹಾಗಾದರೆ ಆ ಸೆರೆಮನೆಯ ದೃಶ್ಯವನ್ನು ತಿರಸ್ಕರಿಸಬೇಕೇ? ಬೇಡ. ಅರಸನ ದಿಟ್ಟತನಕ್ಕೆ ಎದುರು ಪಕ್ಷದ ಅಧಿಕಾರಿಯೇ ಬರೆದುಕೊಟ್ಟ ಸಾಕ್ಷ್ಯ ಅದು; ಅಂಥ ಸಾಕ್ಷ್ಯ ನಮ್ಮ ಚರಿತ್ರೆಯಲ್ಲಿ ಹೆಚ್ಚಿಲ್ಲ. 1857ರಲ್ಲಿ ನಿಶ್ಶಸ್ತ್ರೀಕರಣದ ಕಾನೂನಿಗೆ ಎದುರು ನಿಂತ ಮುಧೋಳ ಸೀಮೆಯ ಹಲಗಲಿಯ ಬೇಡರ ಕಥೆ ನಮಗೆ ಲಾವಣಿಯಲ್ಲಿ ಉಳಿಯಿತು. ಅದನ್ನು 1880ರ ದಶಕದಲ್ಲಿ ಸಂಗ್ರಹಿಸಿ ಅಚ್ಚು ಹಾಕಿಸಿದವನೂ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ. ಆದರೆ ಅಲ್ಲಿ ಹಾಡಿದ ಬಾಯಿ ನಮ್ಮ ಜನರದು. ಆದ್ದರಿಂದಲೇ ಆ ಲಾವಣಿಯ ದುಃಖದಲ್ಲಿ ಕ್ಷಮೆ ಕೇಳುವ ದನಿಯಿಲ್ಲ, ಕ್ಷಮಿಸುವ ದನಿಯೂ ಇಲ್ಲ. ಸುರಪುರದ ಕಥೆಯನ್ನಾದರೋ ಹೊರಗಿನ ಓದುಗರು ಬಹುಕಾಲ ಟೇಲರನ ಕಣ್ಣಿನಿಂದಲೇ ನೋಡಿದರು. ಕಿತ್ತೂರು ಚೆನ್ನಮ್ಮ 1961ರಲ್ಲಿಯೂ ಸಂಗೊಳ್ಳಿ ರಾಯಣ್ಣ 2012ರಲ್ಲಿಯೂ ಪರದೆಯ ಮೇಲೆ ಬಂದು ನಾಡಿನ ಮನಸ್ಸನ್ನು ಸೂರೆಗೊಂಡರು. ವೆಂಕಟಪ್ಪ ನಾಯಕನ ಕಥೆಗೆ ಅಷ್ಟು ವ್ಯಾಪಕವಾದ ಪ್ರಸಿದ್ಧಿ ಇನ್ನೂ ಒದಗಿಲ್ಲ. ಒದಗುವ ದಿನ, ಸೆರೆಮನೆಯ ಭೇಟಿಯೇ ಚಿತ್ರದ ಶಿಖರವಾದೀತೆಂಬುದರಲ್ಲಿ ಅನುಮಾನವಿಲ್ಲ. ಆಗ ಛಾಯಾಗ್ರಾಹಕ ತನ್ನ ಯಂತ್ರವನ್ನು ಯಾರ ಮುಖದ ಕಡೆಗೆ ತಿರುಗಿಸುತ್ತಾನೆ, ಅಳುವ ಅಧಿಕಾರಿಯ ಕಡೆಗೋ ಅಳದೆ ನಿಂತ ಅರಸನ ಕಡೆಗೋ, ಎಂಬುದೇ ಮುಖ್ಯವಾದ ಪ್ರಶ್ನೆ.

ಪ್ರೇಕ್ಷಕರಾದ ನಮಗೂ ಅದೇ ಪ್ರಶ್ನೆ ಇದೆ. ಕಣ್ಣೀರು ಮನಸ್ಸನ್ನು ಹದಗೊಳಿಸುತ್ತದೆ; ಅದಕ್ಕೆ ನಾಚಬೇಕಾದ್ದಿಲ್ಲ. ಆದರೆ ಕಣ್ಣೀರು ತುಂಬಿದ ಕಣ್ಣಿಗೆ ದೃಶ್ಯ ಮಸುಕಾಗಿಯೂ ಕಾಣುತ್ತದೆ. ಒರೆಸಿಕೊಂಡು ಇನ್ನೊಮ್ಮೆ ನೋಡುವ ತಾಳ್ಮೆ ಬೇಕು. ಲಿಂಗದ ಕಣ್ಣಿನಲ್ಲಿ ರಕ್ತವನ್ನು ಕಂಡಾಗ ಕಣ್ಣಪ್ಪ ಅಳುತ್ತ ಕೂರಲಿಲ್ಲ, ತನ್ನ ಕಣ್ಣನ್ನು ಕೊಟ್ಟ. ಸುರಪುರದ ಚರಿತ್ರೆ ನಮ್ಮಿಂದ ಕೇಳುವುದೂ ಅಷ್ಟೇ: ನಮ್ಮ ಕಣ್ಣನ್ನು ಕೊಟ್ಟು ಅದನ್ನು ನೋಡುವುದು.