ನೂರು ಮೈಲಿಯ ಆಚೆಯ ಅಂಗಡಿ

ಕಾರ್ಡಿನ ಮೂಲಕ ಸಂದಾಯವಾದ ಹಣವನ್ನು ಗ್ರಾಹಕನ ತಕರಾರಿನ ಮೇಲೆ ಮಾರಾಟಗಾರನಿಂದ ಹಿಂದಕ್ಕೆ ಪಡೆಯುವ ಕ್ರಮಕ್ಕೆ ‘ಚಾರ್ಜ್‌ಬ್ಯಾಕ್’ ಎಂದು ಹೆಸರು. ಕೊಳ್ಳುವವರಾದ ನಮಗೆ ಅದೊಂದು ರಕ್ಷೆ. ಆದರೆ ಅಂತರಜಾಲದ ಮಾರುಕಟ್ಟೆಯಲ್ಲಿ ಸೀರೆಯನ್ನೋ ಹಳೆಯ ಪುಸ್ತಕವನ್ನೋ ಮಾರಿ ಬದುಕುವವರಿಗೆ, ತಕರಾರು ಸುಳ್ಳಾಗಿದ್ದರೆ, ಸರಕೂ ಹೋಗಿ ಹಣವೂ ಹೋಗಿ ಮೇಲೆ ಶುಲ್ಕದ ಹೊರೆಯೂ ಬೀಳುತ್ತದೆ. ಒಂದೇ ನಿಯಮ ಒಬ್ಬರಿಗೆ ರಕ್ಷೆಯೂ ಇನ್ನೊಬ್ಬರಿಗೆ ಶಿಕ್ಷೆಯೂ ಆದ ಬಗೆಯನ್ನು ಅದರ ಇತಿಹಾಸದಲ್ಲಿಯೇ ಕಾಣಬಹುದು.

1974ರಲ್ಲಿ ಅಮೆರಿಕದ ಕಾಂಗ್ರೆಸ್ಸು ‘ಫೇರ್ ಕ್ರೆಡಿಟ್ ಬಿಲ್ಲಿಂಗ್ ಆಕ್ಟ್’ ಎಂಬ ಶಾಸನವನ್ನು ಅಂಗೀಕರಿಸಿತು. ಬಿಲ್ಲಿನಲ್ಲಿ ತಪ್ಪಿದ್ದರೆ ಅಥವಾ ಸರಕು ತಲಪದಿದ್ದರೆ ಗ್ರಾಹಕನು 60 ದಿನಗಳೊಳಗೆ ಬರೆದು ತಿಳಿಸಬಹುದಿತ್ತು. ವಿಚಾರಣೆ ಮುಗಿಯುವವರೆಗೆ ಆ ಮೊತ್ತವನ್ನು ವಸೂಲು ಮಾಡುವಂತಿರಲಿಲ್ಲ. ಸರಕಿನ ಗುಣಮಟ್ಟದ ತಕರಾರಿಗಾದರೋ ಒಂದು ಗಡಿಯಿತ್ತು: ಖರೀದಿ 50 ಡಾಲರು ಮೀರಿರಬೇಕು, ಗ್ರಾಹಕನ ರಾಜ್ಯದಲ್ಲಿ ಇಲ್ಲವೇ ಅವನ ವಿಳಾಸದಿಂದ 100 ಮೈಲಿಯೊಳಗೆ ನಡೆದಿರಬೇಕು. ಶಾಸನಕರ್ತರ ಕಣ್ಣಮುಂದಿದ್ದುದು ಸುತ್ತಿನ ಊರಿನ ಅಂಗಡಿ. ಅಂಗಡಿ ಮತ್ತು ಬ್ಯಾಂಕು ಬಲಿಷ್ಠ, ಗ್ರಾಹಕ ದುರ್ಬಲ ಎಂಬುದು ಅವರ ಎಣಿಕೆ. ಆ ಕಾಲಕ್ಕೆ ಅದು ಸರಿಯೇ. ಮುಂದೆ ಕಾರ್ಡು ಸಂಸ್ಥೆಗಳ ನಿಯಮಗಳು ಈ ಮೈಲಿಕಲ್ಲನ್ನು ದಾಟಿ ದೇಶದೇಶಗಳಿಗೆ ಹಬ್ಬಿದವು.

1995ರಲ್ಲಿ ಪಿಯರ್ ಒಮಿಡ್ಯಾರ್ ಆರಂಭಿಸಿದ ಹರಾಜಿನ ತಾಣವೇ ಈಬೇ. ಮೊದಮೊದಲು ಅಲ್ಲಿ ಹಣ ಸಲ್ಲುತ್ತಿದ್ದುದು ಬಹುಮಟ್ಟಿಗೆ ಅಂಚೆಯಲ್ಲಿ ಬಂದ ಚೆಕ್ಕು, ಮನಿಯಾರ್ಡರುಗಳಿಂದ. ಚೆಕ್ಕು ನಗದಾದ ಮೇಲೆ ಸರಕು ಹೊರಡುತ್ತಿತ್ತು, ಅಪಾಯವೆಲ್ಲ ಕೊಳ್ಳುವವನದು. ಪೇಪಾಲ್ ಬಂದ ಮೇಲೆ ಮನೆಯಲ್ಲಿ ಕುಳಿತು ಮಾರುವ ಸಾಮಾನ್ಯನೂ ಕಾರ್ಡಿನ ಹಣ ಪಡೆಯುವಂತಾಯಿತು. 2002ರಲ್ಲಿ ಈಬೇ ಸುಮಾರು 150 ಕೋಟಿ ಡಾಲರಿಗೆ ಪೇಪಾಲನ್ನು ಕೊಂಡಿತು. ಕಾರ್ಡಿನ ಸೌಕರ್ಯದೊಡನೆ ಚಾರ್ಜ್‌ಬ್ಯಾಕ್ ಕೂಡ ಸಾಮಾನ್ಯನ ಮನೆಬಾಗಿಲಿಗೆ ಬಂತು. ಕದ್ದ ಕಾರ್ಡಿನಿಂದ ಕೊಳ್ಳುವವರು, ಪಡೆದೂ ಪಡೆದಿಲ್ಲವೆನ್ನುವವರು, ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಮರಳಿಸುವವರು ಹೀಗೆ ವಂಚನೆಯ ಬಗೆಗಳು ಹಲವು.

ಮಾರಾಟಗಾರರು ಕಂಡುಕೊಂಡ ಆಸರೆ ದಾಖಲೆಯೊಂದೇ. ಪಾವತಿಯಲ್ಲಿರುವ ವಿಳಾಸಕ್ಕೇ ಕಳುಹಿಸುವುದು, ಸಾಗಣೆಯ ಸಂಖ್ಯೆಯನ್ನು ಕಾಯ್ದಿಡುವುದು, ಬೆಲೆಬಾಳುವ ವಸ್ತುವಿಗೆ ಸಹಿ ಪಡೆಯುವುದು, ಕಟ್ಟುವಾಗ ಕ್ರಮಸಂಖ್ಯೆ ಕಾಣುವಂತೆ ಚಿತ್ರೀಕರಿಸುವುದು ಅವರ ನಿತ್ಯಕರ್ಮವಾಯಿತು. ತಕರಾರು ಬಂದಾಗ ಗಡುವಿನೊಳಗೆ ಇವನ್ನೆಲ್ಲ ಒಪ್ಪಿಸಬೇಕು. ಗಡುವು ಮೀರಿದರೆ ಸತ್ಯವೂ ಸೋಲುತ್ತದೆ. ಮೊತ್ತ ಚಿಕ್ಕದಾದರೆ ವಾದಿಸುವ ಶ್ರಮವೇ ಹೆಚ್ಚೆಂದು ಕೈಬಿಡುವವರುಂಟು. ನಷ್ಟವನ್ನು ಬೆಲೆಗೆ ಸೇರಿಸಿದರೆ ಅದನ್ನು ತೆರುವವನು ಪ್ರಾಮಾಣಿಕ ಗ್ರಾಹಕ. 2008ರಲ್ಲಿ, ಕೊಳ್ಳುವವರ ಬಗ್ಗೆ ಮಾರಾಟಗಾರರು ಪ್ರತಿಕೂಲ ಅಭಿಪ್ರಾಯ ದಾಖಲಿಸುವ ಅವಕಾಶವನ್ನು ಈಬೇ ತೆಗೆದುಹಾಕಿತು. ಮಾರಾಟಗಾರರು ಸೇಡಿಗಾಗಿ ಬರೆಯುತ್ತಾರೆಂಬ ಭಯ ಗ್ರಾಹಕರಿಗಿತ್ತೆಂಬುದು ನಿಜ. ಆದರೆ ಮಾರಾಟಗಾರರು ಪರಸ್ಪರ ಎಚ್ಚರಿಸುವ ದಾರಿಯೂ ಇದರಿಂದ ಮುಚ್ಚಿತು. ಅನೇಕರು ಬಹಿಷ್ಕಾರಕ್ಕೂ ಇಳಿದರು.

ಭಾರತದ ದಾರಿ ತುಸು ಬೇರೆ. ಅಂತರಜಾಲದ ಕಾರ್ಡು ಪಾವತಿಗೆ ಎರಡನೆಯ ಹಂತದ ದೃಢೀಕರಣವನ್ನು ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದ ಕಡ್ಡಾಯಗೊಳಿಸಿತು. ಕೇವಲ ಕಾರ್ಡಿನ ಸಂಖ್ಯೆ ಕದ್ದು ಕೊಳ್ಳುವುದು ಕಷ್ಟವಾಯಿತು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2010ರಲ್ಲಿ, ಸರಕು ಕೈಸೇರಿದಾಗ ಹಣ ಕೊಡುವ ಪದ್ಧತಿಯನ್ನು ತಂದಿತು. ಇದು ಹಳೆಯ ಜಾಡೇ: ನಮ್ಮ ಅಂಚೆ ಇಲಾಖೆ 1877ರಲ್ಲಿಯೇ ವಿ.ಪಿ.ಪಿ. ಆರಂಭಿಸಿತ್ತು. ನಾಡಿನ ಹೊರಗಿರುವ ನಮ್ಮಲ್ಲಿ ಹಲವರಿಗೆ ಕನ್ನಡ ಪುಸ್ತಕಗಳು ಹಾಗೆಯೇ ಬರುತ್ತಿದ್ದವು. ಇಲ್ಲಿ ಚಾರ್ಜ್‌ಬ್ಯಾಕ್ ಇಲ್ಲ. ಆದರೆ ತರಿಸಿಕೊಂಡವನು ಬಾಗಿಲಲ್ಲಿಯೇ ಬೇಡವೆಂದರೆ ಹೋಗಿಬರುವ ಸಾಗಣೆಯ ವೆಚ್ಚ ವ್ಯರ್ಥ. ವಂಚನೆಯ ರೂಪ ಬದಲಾಯಿತೇ ಹೊರತು ಭಾರ ಹೊರುವ ಹೆಗಲು ಬದಲಾಗಲಿಲ್ಲ.

ಗ್ರಾಹಕನ ಹಕ್ಕನ್ನು ಮೊಟಕುಗೊಳಿಸಬೇಕೆಂಬುದು ನಮ್ಮ ವಾದವಲ್ಲ; ಆ ಹಕ್ಕು ಮೋಸಹೋದ ಎಷ್ಟೋ ಜನರನ್ನು ಕಾಪಾಡಿದೆ. ಆದರೆ 1974ರ ಶಾಸನ ಕಲ್ಪಿಸಿದ ಬಲಿಷ್ಠ ವರ್ತಕನ ಸ್ಥಾನದಲ್ಲಿ ಇಂದು ಕೊಳ್ಳುವವನಷ್ಟೇ ದುರ್ಬಲನಾದ ಇನ್ನೊಬ್ಬನಿದ್ದಾನೆ. ಅವನ ಮಾತನ್ನೂ ಸಮನಾಗಿ ಕೇಳುವ ವ್ಯವಸ್ಥೆಯಾಗಬೇಕು. ಕೊಳ್ಳುವವರಾದ ನಾವು ‘ಸರಕು ಬಂದಿಲ್ಲ’ ಎಂದು ಬರೆಯುವ ಮುನ್ನ, ನೆರೆಮನೆಯವರು ನಮಗಾಗಿ ಅದನ್ನು ಪಡೆದಿಟ್ಟಿದ್ದಾರೆಯೇ ಎಂದು ವಿಚಾರಿಸುವುದು ಆ ನ್ಯಾಯದ ಮೊದಲ ಹೆಜ್ಜೆ.